ವರ್ಷಾಂತ್ಯದ ಪ್ಯಾಂಟೊ: ಬ್ರಿಟನ್ನಿನ ಕನ್ನಡ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಬ್ರಿಟನ್ನಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು ಕವಿಯುತ್ತದೆ. ಮಕ್ಕಳಿಗೆ ಎರಡು ವಾರ ಶಾಲೆಯಿಲ್ಲ. ಊರಿನಿಂದ ಬಂದ ಅಜ್ಜ ಅಜ್ಜಿ ಹೀಟರಿನ ಪಕ್ಕ ಶಾಲು ಹೊದ್ದು ಕುಳಿತಿರುತ್ತಾರೆ, ಅವರನ್ನು ಹೊರಗೆ ಕರೆದೊಯ್ಯೋಣವೆಂದರೆ ಚಳಿಯ ಜೊತೆಗೆ ಮಳೆ. ಇಂಥ ದಿನಗಳಿಗೆಂದೇ ಈ ದೇಶದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ, ಹಾಡು, ಕುಣಿತ, ಹಾಸ್ಯಗಳ ರಂಗಪ್ರಕಾರ ಪ್ಯಾಂಟೊ. ಪೂರ್ತಿ ಹೆಸರು ಪ್ಯಾಂಟೋಮೈಮ್. ನವೆಂಬರ್ ಕೊನೆಯಿಂದ ಜನವರಿಯ ಮೊದಲ ವಾರಗಳವರೆಗೆ ಲಂಡನ್ನಿನ ದೊಡ್ಡ ರಂಗಮಂದಿರಗಳಲ್ಲೂ ಸಣ್ಣ ಪೇಟೆಗಳ ಮಂದಿರಗಳಲ್ಲೂ ದಿನಕ್ಕೆ ಎರಡೆರಡು ಬಾರಿ ಇದು ನಡೆಯುತ್ತದೆ. ಮೂರು ತಲೆಮಾರಿನವರು ಒಂದೇ ಸಾಲಿನಲ್ಲಿ ಕುಳಿತು ನೋಡಬಹುದಾದ ಇಂಥ ಇನ್ನೊಂದು ಮನರಂಜನೆ ಇಲ್ಲಿ ನನಗೆ ಸಿಕ್ಕಿಲ್ಲ.

ಆದರೆ ಇದಕ್ಕೆ ಸಿದ್ಧತೆ ಬೇಕು. ನಾವು ಮೊದಲ ಸಲ ಹೋದಾಗ ಏನೂ ತಿಳಿಯದೆ ಹೋಗಿದ್ದೆವು. ಟಿಕೆಟ್ ಅಗ್ಗವೆಂದು ಅತಿ ಮೇಲಿನ ಅಂತಸ್ತಿನ ಕೊನೆಯ ಸಾಲು ಹಿಡಿದೆವು. ಮೊದಲ ದೃಶ್ಯದಲ್ಲೇ ಢಂ ಎಂಬ ಸಿಡಿತದೊಂದಿಗೆ ಹೊಗೆಯೆದ್ದು ನಾಲ್ಕು ವರ್ಷದ ಮಗಳು ಬೆಚ್ಚಿ ಅತ್ತಳು. ಸುತ್ತಲಿನವರೆಲ್ಲ ಒಂದೇ ದನಿಯಲ್ಲಿ ಏಕೆ ಕೂಗುತ್ತಿದ್ದಾರೆಂದು ಅರ್ಥವಾಗದೆ ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ವಿರಾಮದಲ್ಲೇ ಕೋಟು ಹಾಕಿಕೊಂಡು ಮನೆಗೆ ಮರಳಿದೆವು. ತಪ್ಪು ನಾಟಕದ್ದಾಗಿರಲಿಲ್ಲ. ಪ್ಯಾಂಟೊದಲ್ಲಿ ಅರ್ಧ ನಾಟಕವನ್ನು ಪ್ರೇಕ್ಷಕರೇ ಆಡಬೇಕು, ತಮ್ಮ ಪಾಲಿನ ಮಾತು ಗೊತ್ತಿಲ್ಲದೆ ಹೋದವರು ಹೊರಗಿನವರಾಗಿಯೇ ಉಳಿಯುತ್ತಾರೆ. ಆ ಮಾತುಗಳನ್ನು ಮನೆಯಲ್ಲೇ ಕಲಿತು ಹೋದರೆ ಅದೇ ಎರಡೂವರೆ ಗಂಟೆ ವರ್ಷವಿಡೀ ನೆನಪಿನಲ್ಲಿ ಉಳಿಯುತ್ತದೆ.

ಹೆಸರಿನ ಹಿಂದಿನ ಕಥೆ

ಪ್ಯಾಂಟೋಮೈಮ್ ಎಂದ ಕೂಡಲೇ ನಮಗೆ ಮೂಕಾಭಿನಯ ನೆನಪಾಗುತ್ತದೆ. ಇಂದಿನ ಪ್ಯಾಂಟೊದಲ್ಲಿ ಮಾತು, ಹಾಡು, ಕುಣಿತ, ಕೂಗಾಟ ಎಲ್ಲವೂ ಇದೆ, ಆದರೂ ಆ ಹೆಸರು ಉಳಿದಿರುವುದಕ್ಕೆ ಕಾರಣವಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ರಂಗಮಂದಿರವನ್ನು ನಡೆಸುತ್ತಿದ್ದ ಜಾನ್ ರಿಚ್, ಇಟಲಿಯ ಜನಪ್ರಿಯ ರಂಗಪರಂಪರೆಯಿಂದ ಬಂದ ಹಾರ್ಲೆಕ್ವಿನ್ ಎಂಬ ಪಾತ್ರವನ್ನು ಮಾತಿಲ್ಲದೆ, ಬರಿಯ ಆಂಗಿಕದಿಂದಲೇ ಆಡಿ ಹೆಸರು ಮಾಡಿದನು. ಮಾತಿನ ನಾಟಕವಾಡುವ ಅಧಿಕಾರ ಆಗ ಕೆಲವೇ ಮಂದಿರಗಳಿಗೆ ಇತ್ತು. 1843ರ ಥಿಯೇಟರ್ಸ್ ಕಾಯ್ದೆ ಆ ಕಟ್ಟುಪಾಡನ್ನು ತೆಗೆದ ಮೇಲೆ ಪ್ಯಾಂಟೊದೊಳಗೆ ಮಾತು ಧಾರಾಳವಾಗಿ ನುಗ್ಗಿತು. ಆಮೇಲೆ ಡ್ರೂರಿ ಲೇನ್ ರಂಗಮಂದಿರದ ವ್ಯವಸ್ಥಾಪಕ ಆಗಸ್ಟಸ್ ಹ್ಯಾರಿಸ್ ಮ್ಯೂಸಿಕ್ ಹಾಲ್ ಎಂಬ, ಹಾಡು ಹಾಸ್ಯಗಳ ಜನಪ್ರಿಯ ಮನರಂಜನಾ ಮಂದಿರಗಳ ಹಾಸ್ಯನಟರನ್ನು ಪ್ಯಾಂಟೊಗೆ ಕರೆತಂದನು. ಅವರಲ್ಲಿ ಒಬ್ಬನಾದ ಡ್ಯಾನ್ ಲೆನೊ 1888ರಿಂದ ಸುಮಾರು ಹದಿನೈದು ವರ್ಷ ಅಲ್ಲಿ ಹೆಂಗಸಿನ ವೇಷ ಹಾಕಿ, ಇವತ್ತಿಗೂ ಪ್ಯಾಂಟೊದ ಜೀವವಾಗಿರುವ ಡೇಮ್ ಪಾತ್ರಕ್ಕೆ ಒಂದು ರೂಪ ಕೊಟ್ಟನು.

ಗಂಡಸು ಹೆಂಗಸಿನ ವೇಷ ಹಾಕುವುದು ನಮಗೇನೂ ಹೊಸದಲ್ಲ. ಕಂಪನಿ ನಾಟಕದಲ್ಲೂ ಯಕ್ಷಗಾನದಲ್ಲೂ ನಮ್ಮ ಹಿರಿಯರು ಅದನ್ನು ಕಣ್ತುಂಬ ನೋಡಿದ್ದಾರೆ. ಆದರೆ ಯಕ್ಷಗಾನದ ಸ್ತ್ರೀವೇಷಧಾರಿಯು ತಾನು ಗಂಡಸೆಂಬುದು ನೋಡುವವರಿಗೆ ಮರೆತೇ ಹೋಗುವಂತೆ ಒನಪು ಒಯ್ಯಾರ ತೋರಬೇಕು. ಡೇಮ್ ಪಾತ್ರಧಾರಿಯಾದರೋ ತಾನು ಗಂಡಸೆಂಬುದು ಒಂದು ಕ್ಷಣವೂ ಮರೆಯದಂತೆ ನೋಡಿಕೊಳ್ಳುತ್ತಾನೆ. ದಪ್ಪ ದನಿ, ಬಂಡಿಯಗಲದ ಲಂಗ, ತಲೆಯ ಮೇಲೆ ಕೇಕಿನ ತಟ್ಟೆಯನ್ನೋ ಹೂಕುಂಡವನ್ನೋ ಹೋಲುವ ಟೋಪಿ, ಪ್ರತಿ ದೃಶ್ಯಕ್ಕೂ ಬೇರೆ ಉಡುಪು. ಹಿರಿಯರಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳಿಟ್ಟರೆ "ಇದೆಂಥ ಸ್ತ್ರೀವೇಷ, ಲಕ್ಷಣವೇ ಇಲ್ಲ" ಎಂಬ ಬೇಸರ ಬರುವುದಿಲ್ಲ.

ಮೊದಲ ಹೆಜ್ಜೆ: ಮನೆಯವರಿಗೆ ಹೊಂದುವ ಪ್ರದರ್ಶನವನ್ನು ಆರಿಸಿ

ಎಲ್ಲ ಪ್ಯಾಂಟೊಗಳೂ ಒಂದೇ ಬಗೆಯಲ್ಲ. ಕಥೆಗಳು ಬೆರಳೆಣಿಕೆಯವು. ಸಿಂಡರೆಲ್ಲಾ, ಅಲಾದ್ದೀನ್, ಜ್ಯಾಕ್ ಮತ್ತು ಅವನ ಅವರೆಬಳ್ಳಿ, ಬೆಕ್ಕಿನೊಂದಿಗೆ ಲಂಡನ್ನಿಗೆ ಬಂದು ಮೇಯರ್ ಆದ ಡಿಕ್ ವಿಟಿಂಗ್ಟನ್, ಇವೇ ಮತ್ತೆ ಮತ್ತೆ ಬರುತ್ತವೆ. ಕಥೆಗಿಂತಲೂ ಆಡುವ ಮಂದಿರ ಯಾವುದು, ಅಲ್ಲಿನ ಹಾಸ್ಯದ ಹದ ಎಂಥದು ಎಂಬುದನ್ನು ನೋಡಿ ಆರಿಸುವುದು ಒಳ್ಳೆಯದು.

ಲಂಡನ್ ಪಲ್ಲೇಡಿಯಮ್ ಎರಡು ಸಾವಿರಕ್ಕೂ ಹೆಚ್ಚು ಕುರ್ಚಿಗಳ ಮಂದಿರ. ಬಹಳ ವರ್ಷಗಳ ಬಿಡುವಿನ ನಂತರ 2016ರಲ್ಲಿ ಅಲ್ಲಿಗೆ ಪ್ಯಾಂಟೊ ಮರಳಿತು. ರಂಗಸಜ್ಜಿಕೆಯ ವೈಭವಕ್ಕೆ ಅದು ಹೆಸರುವಾಸಿ, ಆದರೆ ಅಲ್ಲಿ ದ್ವಂದ್ವಾರ್ಥದ ಮಾತು ಧಾರಾಳ. ಐದಾರು ವರ್ಷದ ಮಕ್ಕಳಿಗೆ ಅದು ಅರ್ಥವಾಗದೆ ತಲೆಯ ಮೇಲೆ ಹಾದುಹೋಗುತ್ತದೆ ನಿಜ, ಅಜ್ಜಿ ಮತ್ತು ಹದಿಹರೆಯದ ಮೊಮ್ಮಗನ ನಡುವೆ ಕುಳಿತವರಿಗೆ ಮಾತ್ರ ಮುಜುಗರವಾದೀತು. ಪೂರ್ವ ಲಂಡನ್ನಿನ ಹ್ಯಾಕ್ನಿ ಎಂಪೈರ್ 1901ರಲ್ಲಿ ವಾಸ್ತುಶಿಲ್ಪಿ ಫ್ರ್ಯಾಂಕ್ ಮ್ಯಾಚಮ್ ಕಟ್ಟಿದ ಮಂದಿರ, ಒಳಗಿನ ಅಲಂಕಾರವನ್ನು ನೋಡುವುದಕ್ಕೇ ಒಮ್ಮೆ ಹೋಗಬೇಕು. ಅಲ್ಲಿನ ಪ್ಯಾಂಟೊ ಆ ಬಡಾವಣೆಯ ಜನರ ಮಾತು, ಸಂಗೀತ, ಬದುಕುಗಳನ್ನು ಕಥೆಯೊಳಗೆ ಬೆರೆಸಿಕೊಳ್ಳುತ್ತದೆ. ನಾನಾ ದೇಶಗಳ ಮೂಲದ ಕುಟುಂಬಗಳು ಅಲ್ಲಿ ತುಂಬಿರುವುದರಿಂದ ಹೊಸಬರಿಗೂ ಪರಕೀಯತೆ ಅನಿಸುವುದಿಲ್ಲ. ನೀವು ಲಂಡನ್ನಿನ ಹೊರಗಿದ್ದರೆ ನಿಮ್ಮ ಪೇಟೆಯ ರಂಗಮಂದಿರವನ್ನೇ ಮೊದಲು ನೋಡಿ. ಊರಿನ ರಸ್ತೆಯ ಹಳ್ಳ, ಸೋಲುತ್ತಲೇ ಇರುವ ಫುಟ್ಬಾಲ್ ತಂಡ, ಪಕ್ಕದೂರಿನವರ ಜಂಭ, ಇಂಥ ಸ್ಥಳೀಯ ಚಟಾಕಿಗಳಿಲ್ಲದೆ ಪ್ಯಾಂಟೊ ಪೂರ್ಣವಾಗುವುದಿಲ್ಲ, ಮತ್ತು ಆ ಊರಿನಲ್ಲಿ ಬದುಕುತ್ತಿರುವವರಿಗೆ ಮಾತ್ರ ಅವು ತಟ್ಟುತ್ತವೆ.

ಇಂಗ್ಲಿಷ್ ಮಾತು ಹಿಡಿಯುವುದು ಅಜ್ಜ ಅಜ್ಜಿಗೆ ತೀರಾ ಕಷ್ಟವೆನಿಸಿದರೆ ಮಾತೇ ಇಲ್ಲದ ಪ್ರದರ್ಶನಗಳಿವೆ. ರೇಮಂಡ್ ಬ್ರಿಗ್ಸ್ ಅವರ ಚಿತ್ರಪುಸ್ತಕವನ್ನು ಆಧರಿಸಿದ 'ದಿ ಸ್ನೋಮ್ಯಾನ್' ನೃತ್ಯರೂಪಕ 1997ರಿಂದ ಲಂಡನ್ನಿನ ಪೀಕಾಕ್ ರಂಗಮಂದಿರಕ್ಕೆ ಚಳಿಗಾಲದಲ್ಲಿ ಬರುತ್ತಿದೆ, ಮತ್ತು ಪುಟ್ಟ ಮಕ್ಕಳ ಮೊದಲ ರಂಗಾನುಭವಕ್ಕೆ ಅದಕ್ಕಿಂತ ಸೌಮ್ಯವಾದದ್ದು ಸಿಗಲಾರದು. ಸ್ವಲ್ಪ ದೊಡ್ಡ ಮಕ್ಕಳಿಗೆ, ಅದರಲ್ಲೂ ಭರತನಾಟ್ಯ ಕಲಿಯುತ್ತಿರುವವರಿಗೆ, ಚೈಕೋವ್ಸ್ಕಿ ಸಂಗೀತದ ನಟ್‌ಕ್ರ್ಯಾಕರ್ ಬ್ಯಾಲೆ ತೋರಿಸಬಹುದು. ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ತಂಡ 1950ರಲ್ಲಿ ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಇದನ್ನು ಆಡುತ್ತ ಬಂದಿದೆ, ಈಗ ಅದು ನಡೆಯುವುದು ಲಂಡನ್ನಿನ ಕೊಲಿಸಿಯಮ್ ಮಂದಿರದಲ್ಲಿ. ಅಲ್ಲಿ ಕೂಗುವಂತಿಲ್ಲ ಎಂಬುದನ್ನು ಪ್ಯಾಂಟೊ ನೋಡಿದ ಮಕ್ಕಳಿಗೆ ತಿಳಿಹೇಳಿಯೇ ಕರೆದೊಯ್ಯಬೇಕು.

ಮಕ್ಕಳನ್ನು ಯಾರಾದರೂ ನೋಡಿಕೊಳ್ಳುವ ಸಂಜೆಯೊಂದು ಸಿಕ್ಕಿ ದೊಡ್ಡವರಷ್ಟೇ ಹೋಗುವುದಾದರೆ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ 2017ರಿಂದ ಚಳಿಗಾಲದಲ್ಲಿ ನಡೆಯುತ್ತ ಬಂದಿರುವ ಡಿಕನ್ಸ್ ಕಥೆಯ ಕ್ರಿಸ್‌ಮಸ್ ನಾಟಕವನ್ನು ನಾನು ಮೊದಲಿಗೆ ಹೇಳುತ್ತೇನೆ. ನಾಟಕ ಶುರುವಾಗುವ ಮೊದಲು ನಟರು ಪ್ರೇಕ್ಷಕರ ನಡುವೆ ಓಡಾಡಿ ಕಿತ್ತಳೆ ಮತ್ತು ಮಿನ್ಸ್ ಪೈ ಹಂಚುತ್ತಾರೆ. ಹೆಸರು ಕೇಳಿ ಮಾಂಸದ ತಿನಿಸೆಂದು ಗಾಬರಿಯಾಗಬೇಕಿಲ್ಲ, ಒಳಗಿರುವುದು ಒಣದ್ರಾಕ್ಷಿ ಮುಂತಾದ ಹಣ್ಣಿನ ಹೂರಣ. ಆದರೆ ಕೆಲವು ಕಡೆ ಸೂಯೆಟ್ ಎಂಬ ಪ್ರಾಣಿಯ ಕೊಬ್ಬು ಬೆರೆಸುವ ಪದ್ಧತಿಯಿದೆ, ಆದ್ದರಿಂದ ಸಸ್ಯಾಹಾರಿಗಳು ಎಲ್ಲಿಯೇ ಆಗಲಿ ಕೇಳಿಕೊಂಡು ತಿನ್ನುವುದು ಒಳಿತು. ಇನ್ನು ವಯಸ್ಕರ ಪ್ಯಾಂಟೊ ಎಂದೇ ಕರೆಯುವ ಬೇರೊಂದು ಜಾತಿಯಿದೆ. ಭಿತ್ತಿಪತ್ರದ ಬಣ್ಣ, ಕಥೆಯ ಹೆಸರು ಎಲ್ಲವೂ ಮಕ್ಕಳ ಪ್ಯಾಂಟೊದಂತೆಯೇ ಇರುತ್ತವೆ, ಮೂಲೆಯಲ್ಲಿ ಮಾತ್ರ 18 ವರ್ಷ ಮೇಲ್ಪಟ್ಟವರಿಗೆ ಎಂದಿರುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಆ ಮೂಲೆಯನ್ನು ಓದಿ.

ಎರಡನೆಯ ಹೆಜ್ಜೆ: ದಿನ ಮತ್ತು ಟಿಕೆಟ್

ಒಂದು ವರ್ಷದ ಪ್ಯಾಂಟೊ ಓಡುತ್ತಿರುವಾಗಲೇ ಎಷ್ಟೋ ಮಂದಿರಗಳು ಮುಂದಿನ ವರ್ಷದ ಕಥೆಯನ್ನು ಘೋಷಿಸಿ ಟಿಕೆಟ್ ಮಾರಾಟ ಆರಂಭಿಸುತ್ತವೆ. ವರ್ಷ ಮುಂಚೆ ಯೋಚಿಸುವುದು ಎಲ್ಲರಿಗೂ ಆಗದ ಮಾತು, ಆದರೆ ಶಾಲೆ ಶುರುವಾಗುವ ಸೆಪ್ಟೆಂಬರಿನಲ್ಲಾದರೂ ಕೊಂಡುಬಿಟ್ಟರೆ ಐದಾರು ಮಂದಿಗೆ ಒಂದೇ ಕಡೆ ಕುರ್ಚಿ ಸಿಗುತ್ತವೆ. ಡಿಸೆಂಬರ್ ಬಂದ ಮೇಲೆ ಅಲ್ಲೊಂದು ಇಲ್ಲೊಂದು ಬಿಡಿ ಕುರ್ಚಿಗಳು ಉಳಿದಿರುತ್ತವೆ, ಬೆಲೆಯೂ ಏರಿರುತ್ತದೆ.

ಒಂದೇ ಕುರ್ಚಿಗೆ ಡಿಸೆಂಬರ್ ಮೊದಲ ವಾರದ ಬುಧವಾರ ಒಂದು ಬೆಲೆಯಾದರೆ 23ರಂದು ಇನ್ನೊಂದು ಬೆಲೆ. ಅಗ್ಗದ ದಿನ ಸಿಕ್ಕಿತೆಂದು ಮಗುವನ್ನು ಶಾಲೆ ತಪ್ಪಿಸಿ ಕರೆದೊಯ್ಯುವ ಯೋಚನೆ ಬೇಡ, ಇಂಗ್ಲೆಂಡಿನಲ್ಲಿ ಅಪ್ಪಣೆಯಿಲ್ಲದ ಗೈರುಹಾಜರಿಗೆ ತಂದೆತಾಯಿಗಳ ಮೇಲೆ ದಂಡ ಬೀಳಬಹುದು. ಅದರ ಬದಲು ಮೊದಲ ವಾರಗಳ ವಾರದ ದಿನದ ಸಂಜೆಯನ್ನೋ, ಹೊಸವರ್ಷ ಕಳೆದ ಮೇಲೆ ಶಾಲೆ ಶುರುವಾಗುವವರೆಗಿನ ದಿನಗಳನ್ನೋ ನೋಡಿ. ಜನವರಿಯ ಆ ದಿನಗಳಲ್ಲಿ ಜನಸಂದಣಿ ಇಳಿದಿರುತ್ತದೆ, ನಟರೂ ತಿಂಗಳಿಡೀ ಆಡಿ ಪಳಗಿರುತ್ತಾರೆ. ನನ್ನ ಆಯ್ಕೆ ಸಾಮಾನ್ಯವಾಗಿ ಅದೇ. ಕ್ರಿಸ್‌ಮಸ್ ಮಾರನೆಯ ದಿನ, ಅಂದರೆ 26ರಂದು, ಬಹಳಷ್ಟು ಮಂದಿರಗಳಲ್ಲಿ ಪ್ರದರ್ಶನವಿರುತ್ತದೆ, ಆದರೆ ಆ ದಿನ ರೈಲುಗಳು ತೀರಾ ವಿರಳ. 25ರಂದಂತೂ ಲಂಡನ್ನಿನ ಬಸ್ಸು ಮತ್ತು ಸುರಂಗ ರೈಲು ಎರಡೂ ಓಡುವುದಿಲ್ಲ. ಕಾರಿಲ್ಲದವರು ನಡೆದು ಹೋಗುವಷ್ಟು ಹತ್ತಿರದ ಮಂದಿರವಾದರೆ ಮಾತ್ರ 26ನ್ನು ಆರಿಸಬೇಕು.

ಟಿಕೆಟ್ಟನ್ನು ಆಯಾ ಮಂದಿರದ ಸ್ವಂತ ತಾಣದಲ್ಲೋ ಕಿಟಕಿಯಲ್ಲೋ ಕೊಳ್ಳಿ. ಗೂಗಲಿನಲ್ಲಿ ಹುಡುಕಿದಾಗ ಮೊದಲು ಕಾಣುವುದು ಮರುಮಾರಾಟಗಾರರ ಜಾಹೀರಾತಾಗಿರುವ ಸಾಧ್ಯತೆ ಹೆಚ್ಚು, ಅಲ್ಲಿ ಅದೇ ಕುರ್ಚಿಗೆ ಹೆಚ್ಚಿನ ಹಣ ತೆರಬೇಕಾಗುತ್ತದೆ. ನಾಲ್ವರ ಕುಟುಂಬದ ಟಿಕೆಟ್ ಇದೆಯೇ ಎಂದು ನೋಡಿ. ಹತ್ತು ಹನ್ನೆರಡು ಮಂದಿ ಒಟ್ಟಿಗೆ ಕೊಂಡರೆ ಗುಂಪಿನ ರಿಯಾಯಿತಿ ಕೊಡುವ ಮಂದಿರಗಳಿವೆ. ನಿಮ್ಮ ಊರಿನ ಕನ್ನಡ ಬಳಗದ ನಾಲ್ಕು ಕುಟುಂಬ ಸೇರಿದರೆ ಅಷ್ಟು ಮಂದಿ ಸುಲಭವಾಗಿ ಆಗುತ್ತಾರೆ, ಮಕ್ಕಳಿಗೂ ಜೊತೆ ಸಿಗುತ್ತದೆ. ತೊಡೆಯ ಮೇಲೆ ಕೂರುವ ಕೂಸಿಗೂ ಟಿಕೆಟ್ ಬೇಕೆನ್ನುವ ಮಂದಿರಗಳುಂಟು, ಇಂತಿಷ್ಟು ವಯಸ್ಸಿನ ಕೆಳಗಿನವರಿಗೆ ಪ್ರವೇಶವೇ ಇಲ್ಲವೆನ್ನುವ ಮಂದಿರಗಳೂ ಉಂಟು. ಮೂರು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿದ್ದರೆ ಹಣ ಕಟ್ಟುವ ಮುಂಚೆ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಕುರ್ಚಿ

ನಾವು ಮೊದಲ ಸಲ ಎಡವಿದ್ದು ಇಲ್ಲಿಯೇ. ಇಲ್ಲಿನ ಹಳೆಯ ರಂಗಮಂದಿರಗಳು ಮೂರು ನಾಲ್ಕು ಅಂತಸ್ತಿನವು. ಕೆಳಗಿನ ನೆಲದ ಮಟ್ಟದ್ದು ಸ್ಟಾಲ್ಸ್, ಅದರ ಮೇಲೆ ಡ್ರೆಸ್ ಸರ್ಕಲ್, ಅದಕ್ಕೂ ಮೇಲೆ ಅಪ್ಪರ್ ಸರ್ಕಲ್, ಕೆಲವೆಡೆ ಬಾಲ್ಕನಿ. ಮೇಲೆ ಹೋದಂತೆಲ್ಲ ಮೆಟ್ಟಿಲು ಕಡಿದಾಗುತ್ತ ಹೋಗುತ್ತದೆ, ಎಷ್ಟೋ ಕಡೆ ಅಲ್ಲಿಗೆ ಲಿಫ್ಟ್ ಇರುವುದಿಲ್ಲ. ಮಂಡಿನೋವಿನ ಅಜ್ಜಿಯನ್ನು ಅಲ್ಲಿಗೆ ಹತ್ತಿಸಿ ಇಳಿಸುವುದು ಬಹಳ ಕಷ್ಟ, ಹಿಡಿದುಕೊಳ್ಳಲು ಕಂಬಿಯಿಲ್ಲದ ಕಡೆ ಭಯವೂ ಆಗುತ್ತದೆ. ಹಿರಿಯರಿದ್ದರೆ ದುಡ್ಡು ಸ್ವಲ್ಪ ಹೆಚ್ಚಾದರೂ ಸ್ಟಾಲ್ಸ್ ಕೊಳ್ಳಿ. ಗಾಲಿಕುರ್ಚಿಯ ಜಾಗ ಬೇಕಾದವರು, ಕಿವಿ ಮಂದವಿರುವವರು ಮುಂಚಿತವಾಗಿ ಮಂದಿರಕ್ಕೆ ಫೋನ್ ಮಾಡಿ ಹೇಳಬೇಕು. ನಟರ ದನಿಯನ್ನು ನೇರ ಕಿವಿಗೆ ತಲುಪಿಸುವ ಹೆಡ್‌ಸೆಟ್ಟನ್ನು ಅನೇಕ ಮಂದಿರಗಳು ಕೊಡುತ್ತವೆ, ಕೇಳದವರಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ.

ಪುಟ್ಟ ಮಕ್ಕಳಿಗೆ ಸಾಲಿನ ತುದಿಯ ಕುರ್ಚಿ ಒಳ್ಳೆಯದು. ಶೌಚಕ್ಕೆಂದು ಎದ್ದಾಗ ಹತ್ತು ಜನರ ಮೊಣಕಾಲು ದಾಟಬೇಕಾಗುವುದಿಲ್ಲ, ಮುಂದೆ ಎತ್ತರದವರು ಕುಳಿತರೂ ಪಕ್ಕಕ್ಕೆ ವಾಲಿ ನೋಡಬಹುದು. ಮಕ್ಕಳ ಎತ್ತರ ಹೆಚ್ಚಿಸುವ ದಿಂಬುಗಳನ್ನು ಮಂದಿರದವರೇ ಕೊಡುತ್ತಾರೆ, ಆದರೆ ಅವು ಬೇಗ ಮುಗಿದುಹೋಗುತ್ತವೆ. ಅತಿ ಮುಂದಿನ ಎರಡು ಮೂರು ಸಾಲಿನವರ ಮೇಲೆ ನೀರು ಚಿಮ್ಮುವ ಸಂಭವವಿದೆ. ಅದಕ್ಕಿಂತ ಮುಖ್ಯವಾಗಿ, ಡೇಮ್ ತನ್ನ "ಪ್ರಿಯತಮ"ನನ್ನು ಆರಿಸಿಕೊಳ್ಳುವುದು ಆ ಸಾಲುಗಳಿಂದಲೇ. ಒಬ್ಬಂಟಿ ಗಂಡಸಿನ ಮೇಲೆ ಅವಳ ಕಣ್ಣು ಬಿತ್ತೆಂದರೆ ಹೆಸರು ಕೇಳಿ, ಎದ್ದು ನಿಲ್ಲಿಸಿ, ನಾಟಕ ಮುಗಿಯುವವರೆಗೂ ಪ್ರತಿ ದೃಶ್ಯದಲ್ಲಿ ಆತನನ್ನು ಕರೆಯುತ್ತಾಳೆ. ಸಂಕೋಚದ ಸ್ವಭಾವದ ಅಪ್ಪಂದಿರು ಎಂಟನೆಯ ಸಾಲಿನಿಂದ ಹಿಂದೆ ಕೂರುವುದು ಕ್ಷೇಮ.

ಶಬ್ದ ಮತ್ತು ಬೆಳಕಿಗೆ ಬೇಗ ಬೆಚ್ಚುವ ಮಕ್ಕಳಿಗೂ, ಆಟಿಸಂ ಇರುವ ಮಕ್ಕಳಿಗೂ ರಿಲ್ಯಾಕ್ಸ್ಡ್ ಪ್ರದರ್ಶನ ಎಂಬುದೊಂದನ್ನು ಹೆಚ್ಚಿನ ಮಂದಿರಗಳು ಋತುವಿನಲ್ಲಿ ಒಂದೆರಡು ಸಲ ಇಟ್ಟುಕೊಳ್ಳುತ್ತವೆ. ಅಂದು ಪ್ರೇಕ್ಷಾಂಗಣದ ದೀಪ ಪೂರ್ತಿ ಆರಿಸುವುದಿಲ್ಲ, ಸಿಡಿತ ಮತ್ತು ಶಬ್ದ ತಗ್ಗಿಸುತ್ತಾರೆ, ನಡುವೆ ಎದ್ದು ಓಡಾಡಿದರೂ ಮಾತಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಮಗಳನ್ನು ಮರುವರ್ಷ ಕರೆದೊಯ್ದದ್ದು ಅಂಥ ಪ್ರದರ್ಶನಕ್ಕೆ. ಅವಳು ಎರಡೂವರೆ ಗಂಟೆ ಅಲುಗದೆ ಕುಳಿತಳು. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಮೊದಲ ಸಲ ರಂಗಮಂದಿರಕ್ಕೆ ಬರುವ ಯಾವ ಮಗುವಿಗೂ ಅದು ಒಳ್ಳೆಯ ಆರಂಭ.

ನಾಲ್ಕನೆಯ ಹೆಜ್ಜೆ: ಮನೆಯ ತಾಲೀಮು

ಹೋಗುವ ವಾರ ರಾತ್ರಿ ಮಲಗುವಾಗ ಮಕ್ಕಳಿಗೂ ಅಜ್ಜ ಅಜ್ಜಿಗೂ ಒಟ್ಟಿಗೆ ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ. ಕಥೆ ಗೊತ್ತಿದ್ದರೆ ಇಂಗ್ಲಿಷಿನ ಅರ್ಧ ಮಾತು ತಪ್ಪಿಹೋದರೂ ನಷ್ಟವಿಲ್ಲ. ಬಯಲಾಟ ನೋಡುವವರು ಪ್ರಸಂಗ ಗೊತ್ತಿದ್ದೇ ಅಲ್ಲವೇ ಹೋಗುವುದು? ಆಮೇಲೆ ಪ್ರೇಕ್ಷಕರ ಪಾಲಿನ ಮಾತುಗಳನ್ನು ಅಭ್ಯಾಸ ಮಾಡಿಸಿ. ಅವು ಮೂರು ನಾಲ್ಕೇ ಇವೆ.

ಖಳ ಬಂದ ಕೂಡಲೇ "ಬೂ" ಎಂದು ಕೂಗಬೇಕು, ಹಾವಿನಂತೆ ಬುಸುಗುಟ್ಟಬೇಕು. ಪ್ರೇಕ್ಷಕರು ಸುಮ್ಮನಿದ್ದರೆ ಖಳನ ಪಾತ್ರಧಾರಿಗೆ ಅದಕ್ಕಿಂತ ದೊಡ್ಡ ಸೋಲಿಲ್ಲ, ಆದ್ದರಿಂದ ಅವನಿಗೆ ಬೈದೇವೆಂಬ ಸಂಕೋಚ ಬೇಡ. ರಂಗದ ಮೇಲಿರುವವರು ಯಾವುದನ್ನಾದರೂ ಹೌದೆಂದಾಗ "ಓ ನೋ ಇಟ್ ಈಸಂಟ್" ಎಂದು ಇಡೀ ಸಭೆ ಅಲ್ಲಗಳೆಯಬೇಕು, ಅವರು "ಓ ಯೆಸ್ ಇಟ್ ಈಸ್" ಎನ್ನುತ್ತಾರೆ, ಮತ್ತೆ ನಾವು ಇನ್ನೂ ಜೋರಾಗಿ ಅಲ್ಲವೆನ್ನಬೇಕು. ದೆವ್ವವೋ ಖಳನೋ ನಾಯಕನ ಬೆನ್ನ ಹಿಂದೆ ಸುಳಿದರೆ "ಹಿ ಈಸ್ ಬಿಹೈಂಡ್ ಯು" ಎಂದು ಎಚ್ಚರಿಸಬೇಕು. ಇಷ್ಟಲ್ಲದೆ ನಾಟಕದ ಆರಂಭದಲ್ಲೇ ಹಾಸ್ಯಗಾರ ಬಂದು, ತಾನು ಒಂದು ಮಾತು ಹೇಳಿದಾಗಲೆಲ್ಲ ನೀವು ಹೀಗೆ ಉತ್ತರಿಸಬೇಕು ಎಂದು ಆ ವರ್ಷದ ಸವಾಲು ಜವಾಬೊಂದನ್ನು ಕಲಿಸಿಕೊಡುತ್ತಾನೆ. ಅದನ್ನು ಗಮನವಿಟ್ಟು ಕೇಳಿಸಿಕೊಳ್ಳಿ, ನಾಟಕದುದ್ದಕ್ಕೂ ಬೇಕಾಗುತ್ತದೆ.

ಸದ್ದು, ಹೊಗೆ, ಮಿನುಗುವ ದೀಪ ಬರುತ್ತವೆಂಬುದನ್ನು ಮಕ್ಕಳಿಗೆ ಮುಂಚೆಯೇ ಹೇಳಿ. ಉಬ್ಬಸವಿದ್ದವರು ಇನ್ಹೇಲರ್ ಮರೆಯಬಾರದು, ಮೂರ್ಛೆರೋಗವಿದ್ದವರು ಮಿನುಗು ದೀಪಗಳ ಬಗ್ಗೆ ಮಂದಿರವನ್ನು ಕೇಳಿಯೇ ಹೋಗಬೇಕು. ರಜೆಯಲ್ಲಿ ಮಗುವಿನ ಹುಟ್ಟುಹಬ್ಬ ಬಂದರೆ ಇನ್ನೊಂದು ಕೆಲಸ ಮಾಡಬಹುದು. ಹಲವು ಮಂದಿರಗಳು ಮುಂಚಿತವಾಗಿ ಕಳಿಸಿದ ಹೆಸರುಗಳನ್ನು ನಾಟಕದ ಕೊನೆಯ ಹೊತ್ತಿಗೆ ರಂಗದ ಮೇಲಿಂದ ಓದಿ ಶುಭಾಶಯ ಹೇಳುತ್ತವೆ. ಹೆಸರು ಕಳಿಸುವಾಗ ಅದನ್ನು ಉಚ್ಚರಿಸುವ ಬಗೆಯನ್ನೂ ಬಿಡಿಬಿಡಿಯಾಗಿ ಬರೆದು ಕಳಿಸಿ. ತನ್ನ ಹೆಸರನ್ನು ಸರಿಯಾಗಿ ಕೇಳಿಸಿಕೊಂಡ ಮಗುವಿನ ಮುಖವನ್ನು ನೀವು ಬಹಳ ದಿನ ನೆನೆಯುತ್ತೀರಿ.

ಐದನೆಯ ಹೆಜ್ಜೆ: ಹೊರಡುವ ದಿನ

ಹೊಟ್ಟೆ ತುಂಬ ಉಂಡೇ ಹೊರಡಿ. ವಿರಾಮ ಹದಿನೈದು ಇಪ್ಪತ್ತು ನಿಮಿಷವಷ್ಟೇ, ಅಲ್ಲಿ ಸಿಗುವುದು ಐಸ್‌ಕ್ರೀಮ್, ಚಿಪ್ಸ್, ಪಾನೀಯ. ಮನೆಯ ತಿಂಡಿಯನ್ನು ಒಳಗೆ ಬಿಡದ ಮಂದಿರಗಳೇ ಹೆಚ್ಚು. ಅರ್ಧ ಗಂಟೆ ಮುಂಚೆ ತಲುಪಿದರೆ ಚೀಲದ ತಪಾಸಣೆ, ದಿಂಬು, ಶೌಚ ಮೂರೂ ಮುಗಿಯುತ್ತವೆ. ಹಳೆಯ ಮಂದಿರಗಳಲ್ಲಿ ಹೆಂಗಸರ ಶೌಚಾಲಯಗಳು ಕಡಿಮೆ, ವಿರಾಮದಲ್ಲಿ ಸಾಲು ಮೆಟ್ಟಿಲವರೆಗೂ ಬರುತ್ತದೆ. ಅಜ್ಜಿಯನ್ನು ಆರಂಭಕ್ಕೆ ಮುಂಚೆಯೇ ಕರೆದೊಯ್ದು ಬನ್ನಿ. ಕುರ್ಚಿಗಳ ನಡುವೆ ಜಾಗ ಇಕ್ಕಟ್ಟಾಗಿರುವುದರಿಂದ ದಪ್ಪ ಕೋಟುಗಳ ರಾಶಿ ತೊಡೆಯ ಮೇಲೆ ಉಳಿಯುತ್ತದೆ. ಕೋಟು ಇಡುವ ವ್ಯವಸ್ಥೆಯಿದ್ದರೆ ಬಳಸಿಕೊಳ್ಳಿ, ಇಲ್ಲದಿದ್ದರೆ ತೆಳುವಾದ ಬಟ್ಟೆಗಳನ್ನು ಪದರ ಪದರವಾಗಿ ತೊಡಿಸಿ.

ಬಾಗಿಲಲ್ಲೇ ಮಿನುಗುವ ಮಂತ್ರದಂಡ, ತಿರುಗುವ ದೀಪದ ಆಟಿಕೆ ಮಾರುತ್ತಿರುತ್ತಾರೆ. ಅವು ದುಬಾರಿ, ಮತ್ತು ಎಲ್ಲ ಮಕ್ಕಳ ಕೈಯಲ್ಲೂ ಇರುತ್ತವೆ. ಕೊಡಿಸುವುದೋ ಇಲ್ಲವೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಮಕ್ಕಳಿಗೆ ಹೇಳಿಟ್ಟಿರಬೇಕು. ಮನೆಯಲ್ಲಿರುವ ಸಣ್ಣ ಟಾರ್ಚನ್ನೇ ಒಯ್ದು ಹಾಡಿನ ಹೊತ್ತಿಗೆ ಬೀಸಲು ಕೊಟ್ಟರೂ ಮಕ್ಕಳು ಸುಖಪಡುತ್ತಾರೆ.

ಒಳಗೆ ಏನೇನು ನಡೆಯುತ್ತದೆ

ಪ್ರೇಕ್ಷಕರ ಎಡಗಡೆಯಿಂದ ಒಳ್ಳೆಯ ಕಿನ್ನರಿ, ಬಲಗಡೆಯಿಂದ ಖಳ, ಇದು ಪ್ಯಾಂಟೊದ ಹಳೆಯ ನಿಯಮ. ಕಿನ್ನರಿ ಪ್ರಾಸಬದ್ಧವಾಗಿ ಮಾತಾಡುತ್ತಾಳೆ. ಬಲಗಡೆ ಹಸಿರು ಬೆಳಕು ಬಿದ್ದರೆ ಬೂ ಎನ್ನಲು ಉಸಿರು ತುಂಬಿಕೊಳ್ಳಿ ಎಂದು ಮಕ್ಕಳಿಗೆ ಹೇಳಿಕೊಟ್ಟರೆ, ಎಲ್ಲರಿಗಿಂತ ಮೊದಲು ಕೂಗಿದ ಹೆಮ್ಮೆ ಅವರದಾಗುತ್ತದೆ. ನಾಯಕನ ಪಾತ್ರವನ್ನು ಹೆಂಗಸು ಮಾಡುವುದು ಹಿಂದಿನ ವಾಡಿಕೆ, ಈಚೆಗೆ ಗಂಡಸರೇ ಮಾಡುವುದು ಹೆಚ್ಚು. ಎರಡರಲ್ಲಿ ಯಾವುದು ಬಂದರೂ ಅಚ್ಚರಿಪಡಬೇಕಿಲ್ಲ.

ನಡುವೆ ಒಂದು ಕಡೆ ಹಿಟ್ಟು, ನೊರೆ, ನೀರು ಎರಚಾಡುವ ದೃಶ್ಯ ಬರುತ್ತದೆ. ಅಡುಗೆಮನೆಯೋ ಅಗಸರ ಮನೆಯೋ ಆಗಿರುವ ಆ ದೃಶ್ಯದಲ್ಲಿ ಇಬ್ಬರು ಹಾಸ್ಯಗಾರರು ಒಬ್ಬರ ಮೇಲೊಬ್ಬರು ಸುರಿದುಕೊಳ್ಳುವುದು ಗೊಂದಲದಂತೆ ಕಂಡರೂ ಒಂದೊಂದು ಹೆಜ್ಜೆಯೂ ಲೆಕ್ಕಹಾಕಿ ಕಟ್ಟಿದ್ದು. ನೆಲದ ಮೇಲೆ ಹಾಸಿರುವ ಹೊದಿಕೆಯನ್ನು ಗಮನಿಸಿ. ದೃಶ್ಯ ಮುಗಿದೊಡನೆ ಅದನ್ನು ಸುತ್ತಿ ಒಯ್ಯುತ್ತಾರೆ, ಮುಂದಿನ ಕುಣಿತಕ್ಕೆ ಯಾರೂ ಜಾರಬಾರದೆಂದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆಂಚಿನ ದೃಶ್ಯ. ಕತ್ತಲ ಕಾಡಿನಲ್ಲಿ ಮೂರು ನಾಲ್ಕು ಪಾತ್ರಗಳು ಒಂದು ಬೆಂಚಿನ ಮೇಲೆ ಕೂರುತ್ತವೆ. ಭಯ ಕಳೆಯಲು ಹಾಡು ಹೇಳೋಣ, ದೆವ್ವ ಕಂಡರೆ ನೀವು ಕೂಗಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತವೆ. ಹಾಡು ಶುರುವಾಗುತ್ತದೆ, ಹಿಂದಿನಿಂದ ದೆವ್ವ ಬರುತ್ತದೆ, ಸಾವಿರ ಮಕ್ಕಳು ಕಿರುಚುತ್ತಾರೆ. ಬೆಂಚಿನ ಮೇಲಿದ್ದವರು ಎದ್ದು ಎಡಕ್ಕೆ ಒಂದು ಸುತ್ತು ಬರುವಾಗ ದೆವ್ವವೂ ಅವರ ಬೆನ್ನ ಹಿಂದೆಯೇ ಸುತ್ತುತ್ತದೆ. "ಎಲ್ಲಿದೆ? ಇಲ್ಲವಲ್ಲ" ಎಂದು ಮತ್ತೆ ಕೂರುತ್ತಾರೆ. ತುದಿಯಲ್ಲಿದ್ದವನ ಹೆಗಲನ್ನು ದೆವ್ವ ತಟ್ಟುತ್ತದೆ, ಅವನು ತಿರುಗಿ ನೋಡಿ ಓಡುತ್ತಾನೆ. ಉಳಿದವರು ಅದು ತಿಳಿಯದೆ ಹಾಡುತ್ತಲೇ ಇರುತ್ತಾರೆ. ಹೀಗೆ ಒಬ್ಬೊಬ್ಬರೇ ಖಾಲಿಯಾಗಿ ಕೊನೆಗೆ ಡೇಮ್ ಒಬ್ಬಳೇ ಉಳಿದಾಗ, ದೆವ್ವ ಅವಳ ಪಕ್ಕ ಕುಳಿತು ಮುಖಕ್ಕೆ ಮುಖ ಕೊಟ್ಟು ನೋಡುತ್ತದೆ, ಅವಳ ಮುಖ ಕಂಡು ದೆವ್ವವೇ ಚೀರಿ ಓಡುತ್ತದೆ. ಎರಡು ವರ್ಷದ ಹಿಂದೆ ನನ್ನ ಅಮ್ಮ ಸಾಗರದಿಂದ ಬಂದಿದ್ದಾಗ ಮೊದಲರ್ಧವೆಲ್ಲ ಕೈಕಟ್ಟಿ ಗಂಭೀರವಾಗಿ ಕುಳಿತಿದ್ದರು. ಈ ದೃಶ್ಯದಲ್ಲಿ ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದು, "ಹಿಂದೆ ನೋಡೋ ಮಾರಾಯಾ, ಹಿಂದೆ!" ಎಂದು ಕನ್ನಡದಲ್ಲೇ ಕೂಗಿದರು. ಪಕ್ಕದ ಇಂಗ್ಲಿಷ್ ಅಜ್ಜಿ ಅವರ ಕಡೆ ತಿರುಗಿ ನಕ್ಕು ತಾನೂ ಜೋರಾಗಿ ದನಿಗೂಡಿಸಿದರು. ಯಾವ ಭಾಷೆಯಲ್ಲಿ ಕೂಗಿದರೂ ಸಲ್ಲುತ್ತದೆ ಎಂಬುದನ್ನು ನಿಮ್ಮ ಮನೆಯ ಹಿರಿಯರಿಗೆ ಹೇಳಿ.

ಕೊನೆಯ ಭಾಗದಲ್ಲಿ ಹಾಡಿನ ಸಾಲುಗಳನ್ನು ಬರೆದ ದೊಡ್ಡ ಬಟ್ಟೆ ಇಳಿಯುತ್ತದೆ, ಸಭೆಯನ್ನು ಎಡ ಬಲ ಎಂದು ಎರಡು ಪಾಲು ಮಾಡಿ ಯಾರು ಜೋರಾಗಿ ಹಾಡುತ್ತಾರೆಂಬ ಪಂದ್ಯ ನಡೆಯುತ್ತದೆ. ಆ ಹೊತ್ತಿಗೆ ಪರದೆಯ ಹಿಂದೆ ಮದುವೆಯ ಅರಮನೆ ಕಟ್ಟುತ್ತಿರುತ್ತಾರೆ, ಎಲ್ಲರೂ ಜರಿಯ ಉಡುಪು ಬದಲಿಸುತ್ತಿರುತ್ತಾರೆ. ಕೆಲವು ಕಡೆ ಪ್ರೇಕ್ಷಕರತ್ತ ಮಿಠಾಯಿ ಎಸೆಯುವ ಅಥವಾ ಹಂಚುವ ರೂಢಿಯಿದೆ. ಅಂಟಂಟಾದ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದು ಸಾಮಾನ್ಯವಾದ್ದರಿಂದ ಸಸ್ಯಾಹಾರಿ ಮನೆಯವರು ಮಗು ಬಾಯಿಗೆ ಹಾಕುವ ಮುನ್ನ ಹೊದಿಕೆ ನೋಡಿ. ಎಲ್ಲರೂ ಮೆಟ್ಟಿಲಿಳಿದು ಬಂದು ನಮಿಸಿದ ಮೇಲೆ ಪ್ರಾಸದ ಎರಡು ಸಾಲಿನೊಂದಿಗೆ ನಾಟಕ ಮುಗಿಯುತ್ತದೆ. ಆ ಎರಡು ಸಾಲುಗಳನ್ನು ತಾಲೀಮಿನಲ್ಲಿ ಹೇಳಿದರೆ ಅಶುಭವೆಂಬ ನಂಬಿಕೆ ನಟರಲ್ಲಿದ್ದು, ಮೊದಲ ಪ್ರದರ್ಶನದ ದಿನವೇ ಅವು ಮೊದಲ ಸಲ ರಂಗದ ಮೇಲೆ ಕೇಳಿಬರುತ್ತವೆ. ನಾಟಕದ ನಡುವೆ ಫೋಟೊ ತೆಗೆಯುವಂತಿಲ್ಲ. ಕೊನೆಯ ನಮಸ್ಕಾರದಲ್ಲಿ ಕೆಲವು ಮಂದಿರಗಳು ಬಿಡುತ್ತವೆ, ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ತಪ್ಪಿಹೋಯಿತೆಂದರೆ

ಡಿಸೆಂಬರಿನಲ್ಲಿ ಟಿಕೆಟ್ ಸಿಗಲಿಲ್ಲ, ಅಥವಾ ಮನೆಯವರೆಲ್ಲರ ಟಿಕೆಟ್ಟಿನ ಬೆಲೆ ಕೂಡಿಸಿ ನೋಡಿದಾಗ ಕೈ ಹಿಂದಾಯಿತು ಎಂದಾದರೆ ಬೇಸರಪಡಬೇಡಿ. ಜನವರಿ ಮತ್ತು ಫೆಬ್ರವರಿಯಲ್ಲಿ ಹಳ್ಳಿಗಳ ಸಮುದಾಯ ಭವನಗಳಲ್ಲೂ ಚರ್ಚಿನ ಸಭಾಂಗಣಗಳಲ್ಲೂ ಹವ್ಯಾಸಿಗಳು ಪ್ಯಾಂಟೊ ಆಡುತ್ತಾರೆ. ಗ್ರಂಥಾಲಯದ ಸೂಚನಾ ಫಲಕ, ಅಂಚೆ ಕಚೇರಿಯ ಕಿಟಕಿ, ಶಾಲೆಯ ಪತ್ರ, ಇವುಗಳ ಮೇಲೆ ಕಣ್ಣಿಟ್ಟರೆ ತಿಳಿಯುತ್ತದೆ. ಟಿಕೆಟ್ ದೊಡ್ಡ ಮಂದಿರದ ಬೆಲೆಯ ಒಂದು ಪಾಲಷ್ಟೇ. ಖಳನ ವೇಷದಲ್ಲಿ ನಿಮ್ಮ ಮಕ್ಕಳ ಶಿಕ್ಷಕರೋ ಬೀದಿಯ ಔಷಧದಂಗಡಿಯವರೋ ಇರಬಹುದು. ಪರದೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಯಾರೋ ಮಾತು ಮರೆಯುತ್ತಾರೆ, ಪಕ್ಕದಿಂದ ಪಿಸುಗುಟ್ಟಿ ನೆನಪಿಸುವುದು ಮೂರನೆಯ ಸಾಲಿನವರೆಗೂ ಕೇಳುತ್ತದೆ. ವಿರಾಮದಲ್ಲಿ ಉದ್ದ ಮೇಜಿನ ಮೇಲೆ ಚಹಾ ಮತ್ತು ಮನೆಯಲ್ಲಿ ಮಾಡಿದ ಕೇಕ್ ಇಟ್ಟಿರುತ್ತಾರೆ. ಮುಗಿದ ಮೇಲೆ ಕುರ್ಚಿ ಮಡಚಿ ಗೋಡೆಗೆ ಒರಗಿಸಲು ಒಂದು ಕೈ ಕೊಡಿ. ಮುಂದಿನ ವರ್ಷ ಹಿಟ್ಟಿನ ದೃಶ್ಯಕ್ಕೋ ಬಟ್ಟೆ ಹೊಲಿಯುವುದಕ್ಕೋ ಬರುತ್ತೀರಾ ಎಂದು ಅವರು ಖಂಡಿತ ಕೇಳುತ್ತಾರೆ.